ತಲೆಯಿಲ್ಲದ ಹಕ್ಕಿಯ ಬಳೆ

ಅತ್ತೆ ತನ್ನ ಮಗಳಿಗೆ ಕೊಟ್ಟಿದ್ದ ಹಳೇ ಬೆಳ್ಳಿ ಬಳೆ ಅವಳ ಕೈಗೆ ಬಿಗಿಯಾಗುತ್ತಿತ್ತು. ತಪ್ಪು ಬಳೆಯದು, ಶಿಕ್ಷೆ ಮಾತ್ರ, ಎಂದಿನಂತೆ, ಗಂಡನಾದ ಗುಮಾಸ್ತನಿಗೆ.

"ಬೆಳ್ಳಿ ಕೆಲಸದವರ ಹತ್ರ ಸ್ವಲ್ಪ ಹಿಗ್ಗಿಸ್ಕೊಂಡು ಬನ್ನಿ. ಕತ್ತರಿಸೋಕೆ ಮಾತ್ರ ಬಿಡಬೇಡಿ. ಮುತ್ತಜ್ಜಿ ಕಾಲದ ಕೆತ್ತನೆ. ಒಂದು ಎಲೆ ಹಾಳಾದ್ರೂ ನೀವು ಮನೆಗೆ ಬರಬೇಡಿ," ಎಂದಳು ಹೆಂಡತಿ. ತಮಾಷೆಗೆ ಹೇಳಿರಲಿಲ್ಲ. ತಮಾಷೆ ಮಾಡುವ ಹೆಂಡತಿ ಅವನ ಹಣೆಯಲ್ಲಿ ಬರೆದಿರಲಿಲ್ಲ.

ನೀರಿನ ಬಿಲ್ಲು ಕಟ್ಟಿಸಿಕೊಳ್ಳುವ ಕಚೇರಿಯಲ್ಲಿ ಬಳೆಯನ್ನು ಮೇಜಿನ ಮೇಲಿಟ್ಟದ್ದೇ ತಡ, ಹೆಡ್‌ಕ್ಲರ್ಕ್ ಎತ್ತಿಕೊಂಡರು. "ಎಷ್ಟು ಬಿಗಿ ಅಂತ ನೋಡೇಬಿಡೋಣ, ಕೊಡಯ್ಯ ಕೈ!" ಬೇಡ ಎನ್ನುವಷ್ಟರಲ್ಲಿ ಕಡ್ಡಿಯಂಥ ಅವನ ಕೈಗೆ ಬಳೆ ಸರಕ್ಕನೆ ಏರಿತು. ಇಳಿಯಲಿಲ್ಲ.

ಹೆಡ್‌ಕ್ಲರ್ಕ್ ಸೋಪು ಹಚ್ಚಿದರು. ಟೈಪಿಸ್ಟಮ್ಮ ಎಣ್ಣೆ ತಂದರು. ಇಬ್ಬರೂ ಸೇರಿ ಎಳೆದ ಎಳೆತಕ್ಕೆ ಕೈ ಬನ್ನಿನಂತೆ ಊದಿಕೊಂಡಿತು. "ಸುಮ್ನೆ ಕೆಲಸ ಮಾಡ್ತಿರು, ತಾನಾಗೇ ಇಳಿಯುತ್ತೆ," ಎಂದು ಹೆಡ್‌ಕ್ಲರ್ಕ್ ಊಟಕ್ಕೆ ಹೋದರು. ಕೌಂಟರಿನ ಕಿಂಡಿಯಿಂದ ಹೊರಗಿನವರಿಗೆ ಅವನ ಕೈಯಷ್ಟೇ ಕಾಣುತ್ತಿತ್ತು. "ಬೇಗ ರಸೀದಿ ಕೊಡಮ್ಮಾ ತಾಯಿ," ಎಂದಿತು ಒಂದು ಮುದಿ ದನಿ. ಗುಮಾಸ್ತನಿಗೆ ಅಳು ಬಂತು. ರಸೀದಿ ಕೊಟ್ಟ.

ಸಂಜೆ ಬೆಳ್ಳಿ ಕೆಲಸದವನ ಮುಂದೆ ಕೂತಾಗ ಬೆರಳುಗಳು ನೀಲಿಗಟ್ಟಿದ್ದವು.

"ಕೈ ಬೇಕಾ, ಬಳೆ ಬೇಕಾ?"

ಗುಮಾಸ್ತ ನಿಜಕ್ಕೂ ಯೋಚನೆಗೆ ಬಿದ್ದ. ಕೈಯಿಲ್ಲದೆ ಹೇಗೋ ಮನೆಗೆ ಹೋಗಬಹುದು. ಅವನು ತೀರ್ಮಾನಕ್ಕೆ ಬರುವ ಮೊದಲೇ ಗರಗಸ ಆಡಿತ್ತು.

ಬಳೆ ಬಾಯಿ ಬಿಟ್ಟಿತು. ತನ್ನ ಸಂಸಾರ ಇಲ್ಲಿಗೆ ಮುಗಿಯಿತೆಂದು ಗುಮಾಸ್ತ ತಲೆ ಮೇಲೆ ಕೈ ಹೊತ್ತ.

"ಯಾಕ್ ಸ್ವಾಮಿ ಅಳ್ತೀರಾ? ಇದನ್ನ ಮೊದಲೇ ಯಾರೋ ಕತ್ತರಿಸಿದ್ದಾರೆ. ಹಳೇ ಬೆಸುಗೆ ಮೇಲೇ ನಾನೂ ಕತ್ತರಿಸ್ದೆ. ಇದು ತೋಳಿಗೆ ಹಾಕೋ ಬಳೆ. ಒಂದು ತುಂಡು ತೆಗೆದು ಕೈಬಳೆ ಮಾಡಿಸಿದ್ದಾರೆ. ಅದಕ್ಕೇ ನೋಡಿ, ಕೆತ್ತನೇಲಿರೋ ಈ ಹಕ್ಕಿಗೆ ತಲೆ ಇಲ್ಲ." ಕೆಲಸದವನ ಕಣ್ಣು ಗುಮಾಸ್ತನ ಇನ್ನೊಂದು ಕೈಯ ಉಂಗುರದ ಮೇಲೆ ನಿಂತಿತು. "ಅಯ್ಯೋ, ತಲೆ ಇಲ್ಲಿದೆಯಲ್ಲ!"

ಮದುವೆಯಲ್ಲಿ ಅತ್ತೆ ತೊಡಿಸಿದ ಬೆಳ್ಳಿ ಉಂಗುರ. ಅದರ ಮೇಲಿನ ಕೆತ್ತನೆಯನ್ನು ಅವನು ಇಷ್ಟು ವರ್ಷ ಮೊಗ್ಗು ಅಂದುಕೊಂಡಿದ್ದ. ಮೊಗ್ಗಿಗೆ ಕಣ್ಣೇಕೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಹೋದ ಜೀವ ಬಂದಂತಾಯಿತು. ಮನೆಗೆ ಓಡಿದವನೇ ಬಾಗಿಲಲ್ಲೇ ಕೂಗಿದ: "ಮೊದಲು ಕತ್ತರಿಸಿದ್ದು ನಿಮ್ಮಮ್ಮ!"

ಹೆಂಡತಿ ಬಳೆಯನ್ನು ಉಂಗುರದ ಪಕ್ಕ ಹಿಡಿದು ನೋಡಿದಳು. ಮುಖ ಅರಳಿತು. "ಹಾಗಾದ್ರೆ ನಾನು ದಪ್ಪ ಆಗಿಲ್ಲ! ಈ ತುಂಡು ಸೇರಿಸಿಬಿಟ್ರೆ ಮುತ್ತಜ್ಜಿ ತೋಳ್ಬಳೆ ಹಾಗೇ ಬರುತ್ತೆ. ಎಲ್ಲಿ, ಉಂಗುರ ತೆಗೀರಿ."

ಉಂಗುರ ಅಲುಗಲಿಲ್ಲ. ಮದುವೆಯಾದಂದಿನಿಂದ ಅದು ಬೆರಳು ಬಿಟ್ಟಿರಲಿಲ್ಲ. ಹೆಂಡತಿ ಎಳೆದಳು, ಗುಮಾಸ್ತ ಕೂಗಿದ. ಕೂಗು ಕೇಳಿ ಪಕ್ಕದ ಮನೆಯಾಕೆ ಎಣ್ಣೆ ಬಟ್ಟಲು ಹಿಡಿದು ಬಂದಳು. ಹಿಂದೆಯೇ ಅವಳ ಗಂಡ, ಅಂಗಿಯ ತೋಳು ಮಡಚುತ್ತಾ.

"ಬಿಡಿ ಅಕ್ಕ, ಒಂದೇ ಎಳೆತ," ಎಂದ ಅವನು.

ಗುಮಾಸ್ತ ಕಣ್ಣು ಮುಚ್ಚಿ, ಇನ್ನೂ ಊದದೆ ಉಳಿದಿದ್ದ ಒಂದೇ ಕೈಯನ್ನು ಮುಂದೆ ಚಾಚಿದ.