ನಾಲ್ಕನೆಯ ಕೂಗು

ಎಣಿಸುವುದೂ ಒಂದು ಚಟ. ಕುಡಿತ, ಇಸ್ಪೀಟುಗಳಿಗಿರುವ ಕೆಟ್ಟ ಹೆಸರು ಇದಕ್ಕೆ ಇಲ್ಲವಾದ್ದರಿಂದ ಬಿಡಿಸಲು ಯಾರೂ ಮುಂದೆ ಬರುವುದಿಲ್ಲ, ಅಷ್ಟೆ. ನನ್ನ ದಿನಚರಿಯಲ್ಲಿ ತಾರೀಖಿನ ಪಕ್ಕದಲ್ಲಿ ಆ ದಿನ ಕುಡಿದ ಕರಕ್ ಚಹಾ, ದೋಹಾದ ವೆಸ್ಟ್ ಬೇಯ ನಮ್ಮ ಕಚೇರಿಯಲ್ಲಿ ಲಿಫ್ಟಿಗಾಗಿ ಕಾದ ನಿಮಿಷ, ನಮ್ಮ ಭಾವ "ಮುಂದಿನ ವರ್ಷ ಊರಿಗೆ ವಾಪಸ್" ಎಂದ ಸಲ, ಎಲ್ಲಕ್ಕೂ ಒಂದೊಂದು ಗೀಟು ಇರುತ್ತದೆ. ಐದಾದರೆ ಅಡ್ಡಗೀಟು. ತಿಂಗಳ ಕೊನೆಗೆ ಮೊತ್ತ. ಭಾವನ ಮೊತ್ತವೇ ಸಾಮಾನ್ಯವಾಗಿ ಎಲ್ಲಕ್ಕಿಂತ ಮೇಲೆ. ಕಚೇರಿಯಲ್ಲಿ ನನ್ನ ಕೆಲಸವೂ ಇಂಥದ್ದೇ. ಇಂಜಿನಿಯರುಗಳು ನಕ್ಷೆ ಬರೆಯುತ್ತಾರೆ, ನಾನು ಅದಕ್ಕೆ ನಂಬರು ಹಾಕುತ್ತೇನೆ. ಅವರು ತಿದ್ದಿದರೆ ಮುಂದಿನ ನಂಬರು. ಕಟ್ಟಡ ಎದ್ದು ನಿಂತ ಮೇಲೆ ಜನ ಇಂಜಿನಿಯರನ್ನು ಹೊಗಳುತ್ತಾರೆ. ನಂಬರು ಹಾಕಿದವನನ್ನು ಯಾರೂ ಕೇಳುವುದಿಲ್ಲ. ನನಗೆ ಬೇಸರವಿಲ್ಲ. ನಾನಿಲ್ಲದಿದ್ದರೆ ಅವರು ಮೂರನೇ ಮಹಡಿಯನ್ನು ಎರಡು ಸಲ ಕಟ್ಟುತ್ತಿದ್ದರು.

ಈ ಚಟ ಹತ್ತಿಸಿದ್ದು ಅಕ್ಕ. ನಾನು ಮೈಸೂರಿನ ಮನೆಯ ನಡುಮನೆಯಲ್ಲಿ ಕೂತು ಹೋಂವರ್ಕ್ ಮಾಡುವ ವಯಸ್ಸಿನಲ್ಲಿ, ನನಗಿಂತ ಎಂಟು ವರ್ಷ ದೊಡ್ಡವಳಾದ ಅವಳು ಒಲೆಯ ಮೇಲೆ ಕುಕ್ಕರ್ ಇಟ್ಟು, "ಮಧು, ಮೂರು ಕೂಗಿದ್ರೆ ಆಫ್ ಮಾಡೋ" ಎಂದು ಪಕ್ಕದ ಮನೆಗೆ ಮಾತಾಡಲು ಹೋಗುತ್ತಿದ್ದಳು. ಹೀಗಾಗಿ ಮಗ್ಗಿಗಿಂತ ಮೊದಲು ನಾನು ಕಲಿತ ಪಾಠ: ಅನ್ನಕ್ಕೆ ಎರಡು, ತೊಗರಿಬೇಳೆಗೆ ಮೂರು, ಬೀಟ್‌ರೂಟಿಗೆ ನಾಲ್ಕು, ನೆನೆಸಿದ ಕಡಲೆಕಾಳಿಗೆ ಏಳು. ಮಗ್ಗಿಯಲ್ಲಿ ತಪ್ಪಿದ್ದೇನೆ. ಕುಕ್ಕರಿನಲ್ಲಿ ತಪ್ಪಿದ ದಾಖಲೆ ಇಲ್ಲ. ಈಗ ಅಕ್ಕ, ಭಾವ, ನಾನು ದೋಹಾದ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಒಂದು ಫ್ಲ್ಯಾಟಿನಲ್ಲಿದ್ದೇವೆ. ದೇಶ ಬದಲಾಗಿದೆ, ಕುಕ್ಕರ್ ಅದೇ, ನನ್ನ ಹುದ್ದೆಯೂ ಅದೇ.

ಇಂಥ ನಾನು ಕಲಾವಿದನಾಗಿದ್ದು ಒಂದು ಶುಕ್ರವಾರ. ಹಳೆಯ ವಿಲ್ಲಾ ಒಂದರಲ್ಲಿ ಸಾರ್ವಜನಿಕರಿಗಾಗಿ ಕಾರ್ಯಾಗಾರ ನಡೆಯುತ್ತದೆ, ಕೈಯಾರೆ ಉಪಕರಣ ಮಾಡಿಕೊಂಡು ಪ್ರಯೋಗಾತ್ಮಕ ಕಲೆ ಕಲಿಯಬಹುದು, ಅನುಭವ ಬೇಡ ಎಂಬ ಚೀಟಿ ನಮ್ಮ ಕಟ್ಟಡದ ಲಿಫ್ಟಿನಲ್ಲಿ ಅಂಟಿಕೊಂಡಿತ್ತು. ಲಿಫ್ಟಿನಲ್ಲಿ ನಾನು ಓದದೆ ಬಿಟ್ಟದ್ದು ಏನೂ ಇಲ್ಲ. 'ಅನುಭವ ಬೇಡ' ಎಂಬ ಅರ್ಹತೆ ನನ್ನಲ್ಲಿ ಪೂರ್ಣ ಪ್ರಮಾಣದಲ್ಲಿದ್ದುದರಿಂದ ಹೋದೆ. ಕಲಿಸುವವಳು ನಾದಿಯಾ ಎಂಬ ಟ್ಯುನೀಷಿಯಾದ ಹುಡುಗಿ. ಅವಳ ಬೂಟಿನ ಮೇಲೆಲ್ಲ ಬಣ್ಣ, ಕಿವಿಯಲ್ಲಿ ಓಲೆಯ ಬದಲು ಸ್ಕ್ರೂ. ಮೊದಲ ದಿನವೇ ನಮ್ಮ ಕೈಗೆ ನಾಣ್ಯದಷ್ಟು ಅಗಲದ ಹಿತ್ತಾಳೆ ಬಿಲ್ಲೆ ಕೊಟ್ಟಳು. ತೆರೆದರೆ ಹಾಡುವ ಹುಟ್ಟುಹಬ್ಬದ ಕಾರ್ಡುಗಳೊಳಗೆ ಇರುತ್ತದಲ್ಲ, ಅದು. ಎರಡು ತಂತಿ ಬೆಸುಗೆ ಹಾಕಿ ಯಾವುದಾದರೂ ವಸ್ತುವಿಗೆ ಅಂಟಿಸಿದರೆ, ಆ ವಸ್ತುವಿನ ಹೊಟ್ಟೆಯೊಳಗಿನ ಸದ್ದು ಸ್ಪೀಕರಿನಲ್ಲಿ ಕೇಳುತ್ತದೆ. "ಜಗತ್ತಿನಲ್ಲಿ ಮೌನವಾದ ವಸ್ತು ಇಲ್ಲ. ಯಲ್ಲಾ, ಹೊರಡಿ, ಮನೆಗೆ ಹೋಗಿ ಹುಡುಕಿ" ಎಂದಳು.

ನಮ್ಮ ಜೊತೆ ಕಲಿಯಲು ಬಂದಿದ್ದ, ಎಸಿ ರಿಪೇರಿ ಮಾಡುವ ಮಲಯಾಳಿ ಶಾಜಿಚೇಟ್ಟನ್ ಎಸಿಯ ಸದ್ದು ಹಿಡಿದು ತಂದರು. ದಿನವಿಡೀ ಕೇಳಿದ್ದು ಸಾಲದೆ ಎಂದು ನಾನು ಕೇಳಲಿಲ್ಲ. ಒಬ್ಬ ನರ್ಸ್ ತನ್ನ ಕಿಟಕಿಯ ಗಾಜನ್ನು ತಟ್ಟುವ ಮರಳುಗಾಳಿಯನ್ನು ತಂದಳು. ನಾನು ಕ್ರಮವಾಗಿ ಹುಡುಕಿದೆ. ಫ್ರಿಜ್, ಮಿಕ್ಸಿ, ನಲ್ಲಿ, ಭಾವನ ಆರಾಮಕುರ್ಚಿ, ಕೂತ ಭಾವನೊಂದಿಗೆ ಮತ್ತು ಭಾವನಿಲ್ಲದೆ. ಕೊನೆಗೆ ಒಂದು ಸಂಜೆ ಬಿಲ್ಲೆಯನ್ನು ಕುಕ್ಕರಿನ ಹಿಡಿಗೆ ಬಟ್ಟೆ ಕ್ಲಿಪ್ಪಿನಿಂದ ಸಿಕ್ಕಿಸಿ ಹೆಡ್‌ಫೋನ್ ಹಾಕಿಕೊಂಡೆ. ಒಳಗೆ ಮೊದಲು ಮರಳಿನ ಮೇಲೆ ಕಾಲೆಳೆದಂತೆ ಸದ್ದು, ಆಮೇಲೆ ದೂರದ ಕುದುರೆಗಳು, ಆಮೇಲೆ ಯಾರೋ ಹಲ್ಲು ಕಚ್ಚಿ ಸಿಟ್ಟು ನುಂಗುತ್ತಿರುವಂತೆ ಒಂದು ಗುರುಗುಟ್ಟು, ಅದರ ಮೇಲೆ ಕೂಗು. ಇಷ್ಟು ವರ್ಷ ನಾನು ಎಣಿಸುತ್ತಿದ್ದುದು ಈ ಮಹಾಕಾವ್ಯದ ಪೂರ್ಣವಿರಾಮಗಳನ್ನು ಮಾತ್ರ ಎಂದು ತಿಳಿದು ರೋಮಾಂಚನವಾಯಿತು.

'ಏಳು ಕೂಗು' ಎಂಬ ಕೃತಿಯನ್ನು ರಚಿಸಿದೆ. ವೇದಿಕೆಯ ಮೇಲೆ ನಿಜವಾದ ಒಲೆ, ನಿಜವಾದ ಕುಕ್ಕರ್. ಮೊದಲ ಮೂರು ಕೂಗು ಪೀಠಿಕೆ. ನಾಲ್ಕನೆಯದರಿಂದ ಪ್ರತಿಧ್ವನಿ ಸೇರುತ್ತದೆ, ದೀಪ ಒಂದೊಂದಾಗಿ ಆರುತ್ತದೆ, ಏಳನೆಯದಕ್ಕೆ ಪೂರ್ಣ ಕತ್ತಲೆ. ನಕ್ಷೆ ಬರೆದು, ಕಚೇರಿಯ ಪದ್ಧತಿಯಂತೆ ನಂಬರು ಹಾಕಿ ನಾದಿಯಾಳಿಗೆ ಕೊಟ್ಟೆ. ಕಾರ್ಯಾಗಾರದ ಕೊನೆಯ ಸಂಜೆ ಎಲ್ಲರೂ ಸಾರ್ವಜನಿಕರ ಮುಂದೆ ಪ್ರದರ್ಶನ ಕೊಡಬೇಕು, ಅದರಲ್ಲಿ ಒಂದೇ ಒಂದನ್ನು ಚಳಿಗಾಲದ ದೊಡ್ಡ ಪ್ರದರ್ಶನಕ್ಕೆ ಆರಿಸುತ್ತಾರೆ. ಅವಳು ನಕ್ಷೆ ನೋಡಿ, "ಇದು ಆ ಒಂದಾಗಬಹುದು" ಎಂದಳು. ನನಗೆ ಅದರಲ್ಲಿ ಸಂಶಯವಿರಲಿಲ್ಲ. ಅವಳಿಗೂ ಇಲ್ಲವೆಂದು ತಿಳಿದದ್ದು ಸಂತೋಷವೇ.

ಇನ್ನು ಅಕ್ಕನ ಅನುಮತಿ.

"ಬರೀ ನೀರು ಕೂಗ್ಸಕ್ಕೆ ನನ್ನ ಕುಕ್ಕರ್ ಕೊಡಲ್ಲ ಕಣೋ" ಎಂದಳು. "ಬೇಳೆ ಹಾಕಿ ಕೊಡ್ತೀನಿ. ಪ್ರೋಗ್ರಾಂ ಮುಗ್ಸಿ ಮನೆಗೆ ಬಂದು ಸಾರಿಗೆ ಇಡೋವರ್ಗೂ ಕಾಯೋಷ್ಟು ತಾಳ್ಮೆ ನಿಮ್ ಭಾವಂಗಿಲ್ಲ."

"ಅಕ್ಕ, ಏಳು ಕೂಗಿದ್ರೆ ಬೇಳೆ ಕರಗಿ ಹೋಗುತ್ತೆ."

"ಏಳು ಕೂಗಲ್ಲ. ಮೂರಾದ್ಮೇಲೆ ಯಾರಾದ್ರೂ ಆಫ್ ಮಾಡ್ತಾರೆ."

"ಅದು ಕಲೆ ಅಕ್ಕ. ಅಲ್ಲಿಗೆ ಬರೋರು ಕೇಳೋಕೆ ಬರ್ತಾರೆ, ಆಫ್ ಮಾಡೋಕಲ್ಲ."

"ನೋಡೋಣ" ಎಂದಳು. ಅಕ್ಕನ 'ನೋಡೋಣ'ದಲ್ಲಿ ಅವಳು ಆಗಲೇ ನೋಡಿಯಾಗಿರುತ್ತದೆ. ಟಿವಿಯ ಮುಂದಿದ್ದ ಭಾವ, "ಮಧು, ಕಾಂಟ್ರಾಕ್ಟ್‌ನಲ್ಲಿ ಏಳು ಅಂತ ಬರ್ದಿದ್ರೆ ಏಳೇ ಕೊಡ್ಬೇಕಪ್ಪ, ಇಲ್ದಿದ್ರೆ ಪೆನಾಲ್ಟಿ" ಎಂದು ತಾವು ಕೆಲಸ ಮಾಡುವ ಕಟ್ಟಡದ ಸೈಟಿನ ಅನುಭವದಿಂದ ಸಲಹೆ ಕೊಟ್ಟರು.

ಆಫ್ ಮಾಡುವ ಆ 'ಯಾರಾದರೂ' ಅಕ್ಕನೇ ಎಂಬುದು ನನಗೆ ಸ್ಪಷ್ಟವಿತ್ತು. ಆದ್ದರಿಂದ ಮುನ್ನೆಚ್ಚರಿಕೆ ತೆಗೆದುಕೊಂಡೆ. ಮೊದಲ ಸಾಲಿನ ಕುರ್ಚಿಗಳನ್ನು ಹಿಂದೆ ಸರಿಸಿದೆ. ಅಕ್ಕನನ್ನು ಗೋಡೆಯ ಬದಿಗೆ, ದಾಟಿ ಬರಲು ಆರು ಜೊತೆ ಮೊಣಕಾಲು ಅಡ್ಡ ಇರುವಂತೆ ಕೂರಿಸಿದೆ. ಶಾಜಿಚೇಟ್ಟನ್‌ರನ್ನು ಮುಂದೆ ನಿಲ್ಲಿಸಿ, ಯಾರೇ ಎದ್ದು ಬಂದರೂ ತಡೆಯಬೇಕೆಂದು ಹೇಳಿದೆ. "ಎಸಿ ಪ್ಲಾಂಟ್ ರೂಮಿಗೆ ಯಾರನ್ನೂ ಬಿಡಲ್ಲ ನಾನು, ಇದೇನು ಮಹಾ" ಎಂದು ಅವರು ತಮ್ಮ ಹಿಂದಿಯಲ್ಲಿ ಧೈರ್ಯ ಹೇಳಿದರು.

ಸಭೆ ತುಂಬಿತ್ತು. ಕೇರಳದವರು, ಲಾಹೋರಿನವರು, ಕೊಲಂಬೊದವರು, ನಾದಿಯಾಳ ಸ್ನೇಹಿತರು. ನಾನು ಕರೆಂಟ್ ಒಲೆಯ ನಾಬ್ ತಿರುಗಿಸಿ ಪಕ್ಕದ ಸ್ಟೂಲಿನ ಮೇಲೆ ಕಪ್ಪು ಅಂಗಿಯಲ್ಲಿ ಕೂತೆ. ಮರಳಿನ ಸದ್ದು ಬಂತು, ಕುದುರೆಗಳು ಬಂದವು. ಯಾರೂ ಕೆಮ್ಮಲಿಲ್ಲ. ಮೊದಲನೆಯ ಕೂಗಿಗೆ ಇಡೀ ಕೋಣೆ ಬೆಚ್ಚಿತು. ಎರಡನೆಯದಕ್ಕೆ ಬೇಳೆಯ ವಾಸನೆ ಹಿಡಿದು ಹಿಂದಿನ ಸಾಲಿನಲ್ಲಿ ಏನೋ ಗುಸುಗುಸು. ಮೂರನೆಯದು ಕೂಗಿ ಇಳಿಯುವುದರೊಳಗೆ "ಮೂನ್ನಾಯಿ" ಎಂದು ಮಲಯಾಳದ ಒಂದು ದನಿ, "ತೀನ್ ಹೋ ಗಯೀ" ಎಂದು ಇನ್ನೊಂದು, ಎರಡೂ ಹೇಳಿದ್ದು ಮೂರಾಯಿತು ಎಂದೇ. ಕುರ್ಚಿಗಳು ಕಿರುಗುಟ್ಟಿದವು. ಇಬ್ಬರು ಹೆಂಗಸರು ಅರ್ಧ ಎದ್ದರು. ಶಾಜಿಚೇಟ್ಟನ್ ಎರಡೂ ಕೈ ಅಗಲಿಸಿ ನಿಂತರು. ನಾನು ಕಣ್ಣು ಮಿಟುಕಿಸದೆ ಅಕ್ಕನನ್ನೇ ನೋಡುತ್ತಿದ್ದೆ. ಅವಳು ಅಲುಗಾಡಲಿಲ್ಲ. ಮಡಿಲಲ್ಲಿ ಬ್ಯಾಗು ಇಟ್ಟುಕೊಂಡು ಶಾಂತವಾಗಿ ನನ್ನ ಕಡೆ ನೋಡುತ್ತಿದ್ದಳು. ನನ್ನ ಕಡೆ ಅಂದರೆ ನನ್ನ ಮುಖದ ಕಡೆ ಅಲ್ಲ, ಸ್ವಲ್ಪ ಕೆಳಗೆ, ಬಲಕ್ಕೆ. ಅವಳ ನೋಟ ಹಿಡಿದು ನಾನೂ ಬಗ್ಗಿ ನೋಡಿದೆ. ನನ್ನ ಬಲಗೈ ಒಲೆಯ ನಾಬಿನ ಮೇಲಿತ್ತು. ಒಲೆ ಆಫ್ ಆಗಿತ್ತು.

ಬಿಸಿ ಉಳಿದಿದ್ದ ಒಲೆಯ ಮೇಲೆ ಕುಕ್ಕರ್ ಇನ್ನಷ್ಟು ಗುರುಗುಟ್ಟಿತು. ಮೇಲಿನ ಗುಂಡು ಅಲುಗಾಡಿತು, ಏಳಲು ನೋಡಿತು, ಸಭೆ ಉಸಿರು ಹಿಡಿಯಿತು, ಗುಂಡು ಕೂತಿತು. ಹೀಗೆ ಎರಡು ಮೂರು ಸಲ. ಆಮೇಲೆ ಸದ್ದೆಲ್ಲ ಸಣ್ಣದಾಗುತ್ತ ಆಗುತ್ತ ಮರಳಿಗೆ ಮರಳಿತು. ನಾಲ್ಕನೆಯದು ಬರಲಿಲ್ಲ. ಶಾಜಿಚೇಟ್ಟನ್ ಮೊದಲು ಚಪ್ಪಾಳೆ ಹೊಡೆದರು, ಬೇಳೆ ಉಳಿಯಿತೆಂಬ ನೆಮ್ಮದಿಯಲ್ಲಿ ಉಳಿದವರೂ ಹೊಡೆದರು. ಒಬ್ಬರು ಬಂದು, ಬಾರದ ಕೂಗಿಗಾಗಿ ಕಾಯಿಸಿದ್ದು ಅದ್ಭುತ ಎಂದರು. ನಾನು ಅದನ್ನು ಒಪ್ಪಿಕೊಂಡೆ. ನಾದಿಯಾ ಮಾತ್ರ ನಕ್ಷೆಯನ್ನು ಕೈಯಲ್ಲಿ ಹಿಡಿದು, "ಚೆನ್ನಾಗಿತ್ತು ಮಧು, ಆದರೆ ಇಲ್ಲಿ ಏಳು ಅಂತ ಇದೆ. ಆರಿಸುವವರು ಪೂರ್ತಿ ಕೃತಿ ಕೇಳಬೇಕಂತೆ. ಮುಂದಿನ ಶುಕ್ರವಾರ ಏಳೂ ಆಗಲಿ, ಇಲ್ಲದಿದ್ದರೆ ಖಲಾಸ್" ಎಂದಳು. ನಂಬರು ಹಾಕಿ ಕೊಟ್ಟದ್ದೇ ತಪ್ಪಾಯಿತು.

ಆ ವಾರವೆಲ್ಲ ಮನೆಯಲ್ಲಿ ಅಭ್ಯಾಸ ನಡೆಯಿತು. ಭಾನುವಾರ ಬೇಳೆ: ಮೂರಕ್ಕೆ ಕೈ ಹೋಯಿತು. ಸೋಮವಾರ ಒಲೆಯಿಂದ ದೂರ ಕೂತೆ. ಮೂರಕ್ಕೆ ಎದ್ದು ನಡೆದು ಹೋಗಿ ಆಫ್ ಮಾಡಿ ಬಂದು ಕೂತ ಮೇಲೆ ನೆನಪಾಯಿತು. ಮಂಗಳವಾರ ಭಾವನ ಸಲಹೆಯಂತೆ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿನಲ್ಲಿ ಗಟ್ಟಿಯಾಗಿ ಹಿಡಿದುಕೊಂಡೆ. ಕೈಗಳು ಮಾತು ಕೇಳಿದವು. ಆದರೆ ಮೂರನೆಯ ಕೂಗಿಗೆ ನನ್ನ ಬಾಯಿ ತಾನಾಗಿ "ಅಕ್ಕಾ, ಮೂರಾಯ್ತು" ಎಂದು ಕೂಗಿತು, ಬಾಲ್ಕನಿಯಲ್ಲಿ ಬಟ್ಟೆ ತೆಗೆಯುತ್ತಿದ್ದ ಅಕ್ಕ ಬಂದು ಆಫ್ ಮಾಡಿದಳು. ಆಧುನಿಕ ಕಲೆಯ ಮಾರ್ಗದಲ್ಲಿ ಕುಟುಂಬವೇ ದೊಡ್ಡ ಅಡ್ಡಿ ಎಂದು ಕಲಾವಿದರು ಹೇಳುವುದನ್ನು ಕೇಳಿದ್ದೆ. ನನ್ನ ವಿಷಯದಲ್ಲಿ ಆ ಕುಟುಂಬ ನನ್ನ ಮೊಣಕೈಯಿಂದ ಕೆಳಗೆ ವಾಸವಾಗಿತ್ತು.

ಬುಧವಾರ ಸಾರು ಬಡಿಸುತ್ತ ಅಕ್ಕ ಕೇಳಿದಳು: "ಅಲ್ವೋ, ನಿಂಗೆ ಏಳೇ ಬೇಕಾ?"

"ಹೂಂ ಅಕ್ಕ. ಅದೇ ಕೃತಿ."

"ಮೊದ್ಲೇ ಹೇಳ್ಬಾರ್ದಾ. ಕಡ್ಲೆಕಾಳು ನೆನೆ ಹಾಕ್ತಿದ್ದೆ."

ಭಾವ ತುತ್ತು ಕೈಯಲ್ಲೇ ಹಿಡಿದು ಹೆಂಡತಿಯನ್ನು ನೋಡಿದರು. ನಾನೂ ನೋಡಿದೆ. ಪ್ರತಿಧ್ವನಿ, ದೀಪ, ಕತ್ತಲೆ ಎಲ್ಲ ಲೆಕ್ಕ ಹಾಕಿದ್ದ ನನ್ನ ನಕ್ಷೆಯಲ್ಲಿ ಕುಕ್ಕರಿನೊಳಗೆ ಏನಿರಬೇಕು ಎಂಬ ಒಂದು ಸಾಲು ಇರಲಿಲ್ಲ.

ಶುಕ್ರವಾರ ಆರಿಸುವವರು ಮೂವರು ಮುಂದೆ ಕೂತಿದ್ದರು. ಮೂರನೆಯದು ಕೂಗಿತು. ನನ್ನ ಕೈ ಮಡಿಲಲ್ಲಿ ಸಾಕಿದ ಬೆಕ್ಕಿನಂತೆ ಮಲಗಿತ್ತು. ಒಳಗಿರುವುದು ಕಡಲೆಕಾಳು, ಇನ್ನೂ ಅರ್ಧ ಬೆಂದಿಲ್ಲ ಎಂದು ಅದಕ್ಕೆ ಗೊತ್ತಿತ್ತು. ನಾಲ್ಕನೆಯ ಕೂಗು, ನನ್ನ ಜೀವನದ ಆ ಅತಿ ದೀರ್ಘ ನಿರೀಕ್ಷೆಯ ಕೂಗು, ಪ್ರತಿಧ್ವನಿಯೊಂದಿಗೆ ಕೋಣೆಯನ್ನು ಸುತ್ತಿ ಬಂತು. ಐದು, ಆರು, ದೀಪಗಳು ಆರುತ್ತ ಹೋದವು. ಏಳನೆಯದಕ್ಕೆ ಕತ್ತಲೆ, ಆ ಕತ್ತಲೆಯಲ್ಲಿ ಕ್ಷಣವೂ ಆಚೀಚೆಯಾಗದೆ ನಾಬ್ ತಿರುಗಿದ ಸಣ್ಣ ಸದ್ದು. ದೀಪ ಬಂದಾಗ ಮೂವರೂ ಎದ್ದು ನಿಂತಿದ್ದರು. ಇಷ್ಟು ನಿಖರವಾದ ಸಂಯಮ ಹೇಗೆ ಬಂತು ಎಂದು ಅವರಲ್ಲೊಬ್ಬರು ಕೇಳಿದರು. "ಬಾಲ್ಯದಿಂದಲೇ ಸಾಧನೆ" ಎಂದೆ. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ.

ಚಳಿಗಾಲದ ಪ್ರದರ್ಶನಕ್ಕೆ ನಾನೇ ಆಯ್ಕೆಯಾದೆ. ಮೂರು ಸಂಜೆ, ದೊಡ್ಡ ಸಭಾಂಗಣ. ಅಂದು ಕಡಲೆಕಾಳಿನ ಉಸಲಿ ತಿನ್ನುತ್ತ ಆ ಸುದ್ದಿ ಹೇಳಿದೆ. ಅಕ್ಕ ಸ್ವಲ್ಪ ಯೋಚಿಸಿ, "ಮೂರು ದಿನಾನೂ ಉಸ್ಲಿ ತಿನ್ನಕ್ಕಾಗಲ್ಲಪ್ಪ. ಎರಡ್ನೇ ದಿನ ರಾಜ್ಮಾ ಹಾಕ್ತೀನಿ" ಎಂದಳು.

"ಅದಕ್ಕೆ ಎಷ್ಟು ಅಕ್ಕ?"

"ಹತ್ತು."

ಮಾರನೆಯ ಬೆಳಿಗ್ಗೆ ನಾದಿಯಾಳಿಗೆ ಪತ್ರ ಬರೆದೆ. ಕಲಾವಿದನ ಸೃಜನಶೀಲ ಸ್ವಾತಂತ್ರ್ಯವನ್ನು ಬಳಸಿ ಎರಡನೆಯ ದಿನದ ಪ್ರಯೋಗವನ್ನು ಹತ್ತು ಕೂಗಿಗೆ ವಿಸ್ತರಿಸಿದ್ದೇನೆ, ಹೊಸ ನಕ್ಷೆಯನ್ನು ನಂಬರು ಹಾಕಿ ಲಗತ್ತಿಸಿದ್ದೇನೆ, ಮೂರನೆಯ ದಿನದ್ದು ಇನ್ನೂ ನನ್ನ ಚಿಂತನೆಯಲ್ಲಿದೆ ಎಂದು. ಅಕ್ಕ ಅಂದು ಏನು ಬೇಯಿಸುತ್ತಾಳೋ ಇನ್ನೂ ಹೇಳಿಲ್ಲ.