ಗುರುಸಂಗಪ್ಪ ಚುಚ್ಚಿದ ಬಹುಮಾನ

— ಅವನು ಯಾರು ಅಂತ ಗೊತ್ತಾಗೋ ತನಕ ನನಗ ಚಾ ಬ್ಯಾಡ!

ಗುರುಸಂಗಪ್ಪ ಕಪ್ಪನ್ನು ಆಚೆ ಸರಿಸಿದ. ಹಂಪಸಾಗರದಲ್ಲಿ ಗೊಬ್ಬರದ ಅಂಗಡಿ ಇಟ್ಟ ದೊಡ್ಡ ಮನುಷ್ಯ. ನಿನ್ನೆ ಊರ ನಾಟಕದಲ್ಲಿ ಚೌಡಣ್ಣ ಒಬ್ಬ ಬಾಯಿಬಡುಕನ ಪಾತ್ರ ಮಾಡಿದ್ದ. ತಾನೇ ಪ್ರಶ್ನೆ ಕೇಳುವುದು, ಎದುರಿನವರು ಬಾಯಿ ತೆರೆಯುವಷ್ಟರಲ್ಲಿ ತಾನೇ ಉತ್ತರವನ್ನೂ ಕೊಡುವುದು. ಜನ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಗುರುಸಂಗಪ್ಪ. ತಡೆಯಲಾರದೆ ಸ್ಟೇಜು ಹತ್ತಿ, ಚೌಡಣ್ಣನ ಅಂಗಿಗೆ ನೋಟು ಚುಚ್ಚಿ, ಮೈಕಿನಲ್ಲಿ ತನ್ನ ಹೆಸರು ಕೂಗಿಸಿದ. ಆಗ ಬಿದ್ದ ಚಪ್ಪಾಳೆ ಇನ್ನೂ ಅವನ ಕಿವಿಯಲ್ಲಿತ್ತು.

— ಲೇ ನಾಗಲಿಂಗೀ, ಚೌಡ ಆ ಪಾತ್ರ ಯಾರನ್ನ ನೋಡಿ ಕಲ್ತಿದ್ದಾನು?

— ಅದು ನಿಮ್ಮ...

— ನಮ್ಮ ಎಸ್‌ಟಿಡಿ ಬೂತಿನ ಹಾಲೇಶಪ್ಪ! ಹೌದಿಲ್ಲ?

— ಅಲ್ರಿ, ಅದು...

— ಅವನಲ್ಲ. ಅವಗ ಅಷ್ಟು ಮಾತು ಎಲ್ಲಿ ಬರ್ತಾವ? ಪಂಚಾಕ್ಷರಪ್ಪ ಮಾಸ್ತರ! ಹೇಳು, ಹೌದೋ ಅಲ್ಲೋ? ಹೌದು!

ಹೆಂಡತಿ ನಾಗಲಿಂಗಮ್ಮ ರೊಟ್ಟಿ ಬಡಿಯತೊಡಗಿದಳು.

— ಅಂಥವನ ಜೋಡಿ ಆ ಹೆಣ್ಮಗಳು ಹೆಂಗ ಬಾಳೇವು ಮಾಡ್ತಾಳೋ, ಪಾಪ!

— ಮಾಡ್ತಾಳ್ರಿ. ರೊಟ್ಟಿ ಜೋರಾಗಿ ಬಡದ್ರ ಅರ್ಧ ಮಾತು ಕೇಳ್ಸಂಗಿಲ್ಲ.

— ಯಾರರ ಹೇಳಬೇಕು ಅವಗ. ಮಂದಿ ಮಕದ ಮ್ಯಾಲೆ ಹೇಳದಿದ್ರ ಮನುಷ್ಯಾಗ ತನ್ನ ಗುಣ ಹೆಂಗ ತಿಳೀಬೇಕು?

— ಹೇಳಾಕ ಬಿಡಬೇಕಲ್ರಿ ಆ ಮನುಷ್ಯ.

ಅಷ್ಟರಲ್ಲಿ ಚೌಡಣ್ಣನೇ ಕೈಮುಗಿಯುತ್ತ ಬಾಗಿಲಿಗೆ ಬಂದ.

— ಸಾವ್ಕಾರ್ರ, ನಿಮ್ಮ ಮನಸು ದೊಡ್ಡದು ಬಿಡ್ರಿ.

— ದೊಡ್ಡದು ಯಾಕ? ಕಲಾವಿದಗ ಬೆಲಿ ಕೊಡಬೇಕು, ಅದಕ್ಕ!

— ಅದಲ್ರಿ. ಬ್ಯಾರೆಯವ್ರಾಗಿದ್ರ ಕಾಲಾಗಿನ ಕೆರ ಹಿಡ್ಕಂಡು ಬರ್ತಿದ್ರು. ನಿಮ್ಮನ್ನ ಆಡಿ ತೋರಿಸಿದವಗ ನೀವಽ ನೋಟು ಚುಚ್ಚಿದ್ರಿ!



— ನನ್ನನ್ನ? ಊರಿಗೆಲ್ಲ ತಿಳೀತೇನು? ತಿಳಿದಿರ...

ಉತ್ತರ ಅರ್ಧಕ್ಕೆ ಬಂದಿತ್ತು, ತುಟಿ ಕಚ್ಚಿದ. ಅವನ ಮುಖ ನೋಡಿದ ಚೌಡಣ್ಣ ಮೆಲ್ಲಗೆ ಜಾಗ ಖಾಲಿ ಮಾಡಿದ. ಅಯ್ಯೋ ಶಿವನೇ, ಆ ಚಪ್ಪಾಳೆ ಬಿದ್ದದ್ದು ಅದಕ್ಕೇ! ಗುರುಸಂಗಪ್ಪನಿಗೆ ನಾಚಿಕೆಯಿಂದ ಕಿವಿ ಬಿಸಿಯಾದವು. ಹೆಂಡತಿಯ ಮುಖ ನೋಡಲೂ ಧೈರ್ಯ ಸಾಲಲಿಲ್ಲ.

— ನಾಗಲಿಂಗೀ, ನಾ ಖರೇನ ಹಂಗ ಅದೀನೇನು?

ಕೇಳಿ ಸುಮ್ಮನಾದ. ಉತ್ತರ ಅವನೇ ಕೊಡುತ್ತಾನೆಂದು ಆಕೆ ರೂಢಿಯಂತೆ ಕಾದಳು. ಕೊಡಲಿಲ್ಲ. ಇನ್ನಷ್ಟು ಕಾದಳು. ಆಮೇಲೆ ಹಂಚು ಇಳಿಸಿ, ಕೈ ತೊಳೆದು, ಎರಡು ರೊಟ್ಟಿ ತಾಟಿಗೆ ಹಾಕಿ ಅವನ ಮುಂದಿಟ್ಟು, ಮಣೆ ಎಳೆದುಕೊಂಡು ಎದುರಿಗೆ ಕುಳಿತಳು.

— ಬಾಯ್ತುಂಬ ತಿನ್ಕಂತ ಕೇಳ್ರಿ. ಮದುವಿ ಹಂದರದಿಂದ ಹೇಳ್ತಾ ಬರ್ತೀನಿ.