ಸಿಮೋನ್ ಪೊರ್ಬುಗಳ ಹಸಿರು ಗುಂಡಿ

ಪೆರ್ಲ ಪೇಟೆಯನ್ನು ಇಂಟರ್ನೆಟ್ಟಿಗೆ ಏರಿಸದೆ ತಾನು ವಿಶ್ರಮಿಸುವುದಿಲ್ಲ ಎಂದು ಸಿಮೋನ್ ಘೋಷಿಸಿದ್ದು ಬೆಳಗಿನ ಗಂಜಿ ಉಣ್ಣುವಾಗ. ಸೊಸೈಟಿಯ ಗುಮಾಸ್ತಿಕೆಯಿಂದ ನಿವೃತ್ತನಾಗಿ ಆರು ತಿಂಗಳಾಗಿತ್ತು. ಕುರ್ಚಿ ಹೋದ ಹಿಂದೆಯೇ ತನ್ನ ಹೆಸರೂ ಹೋಯಿತೆಂದು ಈ ಆರು ತಿಂಗಳಲ್ಲಿ ಅವನಿಗೆ ಮನವರಿಕೆಯಾಗಿತ್ತು. ಬಸ್ಸಿನಲ್ಲಿ, ಇಗರ್ಜಿಯಲ್ಲಿ, ರೇಷನ್ ಅಂಗಡಿಯಲ್ಲಿ, ಎಲ್ಲಿ ಹೋದರೂ ಒಂದೇ ಮಾತು: "ಓ, ಟೈಲರ್ ಫೆಲ್ಸಿ ಬಾಯಿಯ ಯಜಮಾನರಾ?" ಇದು ಅವನಿಗೆ ಒಳಗೊಳಗೇ ಚುಚ್ಚುತ್ತಿತ್ತು. ಸಾಯುವುದರೊಳಗೆ ಒಮ್ಮೆಯಾದರೂ ಸ್ವಂತ ಹೆಸರಿನಿಂದ ಗುರುತಿಸಿಕೊಳ್ಳಬೇಕು!

"ಇಂಟರ್ನೆಟ್ಟಿಗೆ ಏರಿಸಿ ಎಂತ ಮಾಡ್ತೀರಿ?" ಫೆಲ್ಸಿ ಕೇಳಿದಳು.

"ಡೈರೆಕ್ಟರಿ. ಅಂಗಡಿ, ಮೆಕ್ಯಾನಿಕ್, ಅಡಿಗೆಯವರು, ಮರ ಹತ್ತುವವರು, ಎಲ್ಲರೂ ಒಂದೇ ಕಡೆ. ಮೊಬೈಲಿನಲ್ಲಿ ಒತ್ತಿದರೆ ಸೀದಾ ಅವರಿಗೆ ಫೋನ್."

"ಜನಕ್ಕೆ ಈಗ ಎಂತ ತೊಂದರೆ ಆಗಿದೆ?"

"ತೊಂದರೆ ನಿನಗೆ! ಪಂಪಿನ ಉಗ್ಗಪ್ಪ ಎಲ್ಲಿ, ಮರ ಹತ್ತುವ ಚೆನ್ನಪ್ಪ ಯಾವಾಗ ಬರ್ತಾನೆ ಅಂತ ಊರಿಗೆ ಊರೇ ನಿನ್ನ ಅಂಗಡಿಗೆ ಬಂದು ಕೇಳ್ತದೆ. ನೀನು ರವಿಕೆ ಹೊಲಿಯುವುದಾ, ವಿಚಾರಣೆಯ ಕಿಟಕಿಯಲ್ಲಿ ಕೂರುವುದಾ? ಇನ್ನು ಆ ರಗಳೆ ಇಲ್ಲ."

"ರಗಳೆ ಅಂತ ನಾನು ಹೇಳಿದೆನಾ?" ಎಂದು ಫೆಲ್ಸಿ ಉಪ್ಪಿನಕಾಯಿ ಭರಣಿ ಮುಚ್ಚಿ ಬಸ್ ಸ್ಟ್ಯಾಂಡಿನ ಎದುರಿನ ತನ್ನ ಅಂಗಡಿಗೆ ಹೊರಟಳು.

ವೆಬ್‌ಸೈಟು ಮಾಡುವುದನ್ನು ಸಿಮೋನ್ ವೀಡಿಯೊ ನೋಡಿ ನೋಡಿ ತಾನೇ ಕಲಿತ. ಬಡವರಿಗೂ ಎಟುಕಬೇಕೆಂದು ವರ್ಷದ ಶುಲ್ಕವನ್ನು ಎರಡು ಚಾ, ಒಂದು ಪ್ಲೇಟ್ ಗೋಳಿಬಜೆಯ ದರಕ್ಕೆ ಇಳಿಸಿದ. ಮೊದಲ ವಾರ ಆ ಸೈಟು ಕಂಪ್ಯೂಟರಿನಲ್ಲಿ ಅರಮನೆಯಂತೆ ಕಂಡರೂ ಮೊಬೈಲಿನಲ್ಲಿ ಅರಮನೆ ಅಡ್ಡಬಿದ್ದಂತೆ ಕಾಣುತ್ತಿತ್ತು. ಕೊನೆಗೆ ಅವನು ಎಲ್ಲವನ್ನೂ ಕಿತ್ತು ಹಾಕಿ ಮೂರನ್ನೇ ಉಳಿಸಿಕೊಂಡ: ಹೆಸರು, ಕಸುಬು, ಒತ್ತಿದರೆ ಫೋನ್ ಹೋಗುವ ಒಂದು ದೊಡ್ಡ ಹಸಿರು ಗುಂಡಿ. ಕನ್ನಡಕ ಮರೆತು ಬಂದ ಅಜ್ಜಿಯ ಹೆಬ್ಬೆರಳೂ ತಪ್ಪದಷ್ಟು ದೊಡ್ಡದು. ನಂಬರು ಬರಿದೆ ಕಣ್ಣಿಗೆ ಕಸ. ಬೇಕಾದವರು ಹೆಸರನ್ನು ಒತ್ತಿ ನೋಡಿಕೊಳ್ಳಲಿ!

ವಿವರ ತುಂಬುವ ಕೆಲಸವನ್ನೂ ಅವನು ಮೈಮೇಲೆ ಹಾಕಿಕೊಳ್ಳಲಿಲ್ಲ. ವಾಟ್ಸಾಪಿನಲ್ಲಿ ಒಂದು ಫಾರ್ಮ್ ಕಳಿಸಿದ, ಅವರವರು ಅವರವರದ್ದನ್ನು ತುಂಬಿದರು, ಅದು ತಾನಾಗಿಯೇ ಸೈಟಿಗೆ ಏರಿತು. ನಲವತ್ತಾರು ಹೆಸರು! ಸುಧೀರನ ಹಾರ್ಡ್‌ವೇರ್ ಅಂಗಡಿಯ ಗುಂಡಿ ಒತ್ತಿದ, ಸುಧೀರನೇ ಎತ್ತಿದ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕಲ್ಲ, ಅಲ್ಲಿಗೇ ಪರೀಕ್ಷೆ ಮುಗಿಯಿತು.

ಉದ್ಘಾಟನೆ ಶನಿವಾರ ವ್ಯಾಪಾರಿಗಳ ಸಭಾಭವನದಲ್ಲಿ. ಕರೆಯೋಲೆಯಲ್ಲಿ 'ಪರಿಕಲ್ಪನೆ ಮತ್ತು ನಿರ್ಮಾಣ: ಸಿಮೋನ್' ಎಂದು ದಪ್ಪಕ್ಷರದಲ್ಲಿತ್ತು. ಅದನ್ನು ಅವನೊಬ್ಬನೇ ಹನ್ನೊಂದು ಸಲ ಓದಿದ್ದ. ಲಾಯ್ಕಾಗಿದ್ದರೆ ತಮ್ಮೂರಿಗೂ ಮಾಡಿಸುವ ಎಂದು ಬೆಳ್ಳೂರಿನ ವ್ಯಾಪಾರಿಗಳ ಪರವಾಗಿ ಈಶ್ವರಪ್ರಸಾದ ಎಂಬವರು ಬಂದಿದ್ದರು. ಫೆಲ್ಸಿ ಅರ್ಧ ದಿನ ಅಂಗಡಿ ಮುಚ್ಚಿ ಮೂರನೇ ಸಾಲಿನಲ್ಲಿ ಕುಳಿತಿದ್ದಳು.

"ಇಂದಿನಿಂದ ಪೆರ್ಲದಲ್ಲಿ ಯಾರನ್ನೂ ಹುಡುಕಿಕೊಂಡು ಯಾರ ಅಂಗಡಿಗೂ ಹೋಗಬೇಕಾಗಿಲ್ಲ" ಎಂದು ಸಿಮೋನ್ ಮೈಕಿನಲ್ಲಿ ಗುಡುಗಿದ. ವಾರ್ಡ್ ಮೆಂಬರ್ ದಮಯಂತಿ ಪಂಪ್ ರಿಪೇರಿಯ ಉಗ್ಗಪ್ಪನ ಹೆಸರಿನ ಎದುರು ಹಸಿರು ಗುಂಡಿ ಒತ್ತಿದರು.

ಮೂರನೇ ಸಾಲಿನಲ್ಲಿ ಫೋನ್ ಹೊಡೆದುಕೊಂಡಿತು. ಫೆಲ್ಸಿ ಚೀಲ ತಡಕಾಡಿ ಫೋನ್ ಹೊರತೆಗೆದಳು.

"ಹಲೋ. ಉಗ್ಗಪ್ಪನಾ? ಅವನು ನೆಕ್ರಾಜೆಯಲ್ಲಿ ಬಾವಿಯೊಳಗೆ ಇದ್ದಾನೆ. ಮೇಲೆ ಬರುವಾಗ ಮೂರು ಗಂಟೆ ಆಗ್ತದೆ. ಎಂತ, ಪಂಪು ಹಾಳಾಗಿದೆಯಾ?"

"ಹೌದು ಬಾಯಿ, ನಿನ್ನೆಯಿಂದ ನೀರಿಲ್ಲ" ಎಂದರು ದಮಯಂತಿ, ವೇದಿಕೆಯನ್ನೇ ಮರೆತು.

"ನಾಳೆ ಎಂಟು ಗಂಟೆಗೆ ಕಳಿಸ್ತೇನೆ."

ಸಭೆಯಲ್ಲಿ ಭಾರೀ ಚಪ್ಪಾಳೆ. ಸಿಮೋನನ ಅಂಗಿ ಬೆನ್ನಿಗೆ ಅಂಟಿತು. "ಸಣ್ಣ ತಾಂತ್ರಿಕ ದೋಷ. ಬೇರೆ ಯಾವುದಾದರೂ ಒತ್ತಿ" ಎಂದ. ದಮಯಂತಿ ತೆಂಗಿನ ಮರ ಹತ್ತುವ ಚೆನ್ನಪ್ಪನ ಗುಂಡಿ ಒತ್ತಿದರು. ಮೂರನೇ ಸಾಲು! ಚೆನ್ನಪ್ಪ ಮರದ ಮೇಲಿದ್ದ. ಅಡಿಗೆಯ ಪಂಕಜಾಕ್ಷಿಯದನ್ನು ಒತ್ತಿದರು. ಮತ್ತೆ ಮೂರನೇ ಸಾಲು. ಪಂಕಜಾಕ್ಷಿಯ ಕೈ ಹಿಟ್ಟಿನಲ್ಲಿತ್ತು, ಬುಧವಾರ ಪುರುಸೊತ್ತು ಇತ್ತು.

ಸಿಮೋನ್ ವೇದಿಕೆಯಿಂದ ಇಳಿದು ಹೆಂಡತಿಯ ಬಳಿಗೆ ಓಡಿದ.

"ಇವರ ಫೋನೆಲ್ಲ ನಿನಗೆ ಯಾಕೆ ಬರ್ತದೆ?"

"ಫಾರ್ಮಿನಲ್ಲಿ ನನ್ನ ನಂಬರ್ ಕೊಟ್ಟಿದ್ದಾರೆ, ಅದಕ್ಕೆ ಬರ್ತದೆ. ಬಾವಿಗೆ ಇಳಿದವನು ಫೋನ್ ಎತ್ತಲಿಕ್ಕೆ ಆಗ್ತದಾ? ಮರದ ಮೇಲೆ ಇದ್ದವನು ಎತ್ತಿದರೆ ನೆಲಕ್ಕೇ ಬೀಳಬೇಕಷ್ಟೆ. ನಿಮ್ಮ ನಂಬರ್ ಹಾಕುವುದಾ ಬಾಯಿ ಅಂತ ಕೇಳಿದರು, ಹಾಕಿ ಅಂದೆ."

ಹಿಂದೆ ಪೇಟೆಗೆಲ್ಲ ನಾಲ್ಕೇ ಫೋನ್ ಇದ್ದ ಕಾಲದಲ್ಲಿ, ನೆರೆಯವರ ನಂಬರ್ ಕೊಟ್ಟು ಪಕ್ಕದಲ್ಲಿ 'ಪಿ.ಪಿ.' ಎಂದು ಬರೆಯುವ ಕ್ರಮವಿತ್ತು. ಆ ನಂಬರಿಗೆ ಮಾಡಿದರೆ ನೆರೆಯವರು ಕರೆದು ಕೊಡುತ್ತಿದ್ದರು. ಈಗ ಕಿಸೆಗೊಂದು ಫೋನ್ ಬಂದರೂ ಪೆರ್ಲದ ದುಡಿಯುವ ಜನ ಆ ಕ್ರಮ ಬಿಟ್ಟಿರಲಿಲ್ಲ. ನಲವತ್ತಾರರಲ್ಲಿ ಇಪ್ಪತ್ತೊಂಬತ್ತು ಮಂದಿ ಫೆಲ್ಸಿಯ ನಂಬರನ್ನೇ ಕೊಟ್ಟಿದ್ದರು!

"ನನಗೆ ಒಂದು ಮಾತು ಹೇಳಬಾರದಿತ್ತಾ?"

"ಸೈಟು ಮಾಡಿದವರು ನೀವು. ನಿಮಗೆ ಗೊತ್ತುಂಟು ಅಂತ ಎಣಿಸಿದೆ."

ಸಿಮೋನನಿಗೆ ನಿಜಕ್ಕೂ ನಾಚಿಕೆಯಾಯಿತು. ಹಿಂಬಾಗಿಲಿನಿಂದ ಜಾರಿಕೊಳ್ಳೋಣ ಎನ್ನುವಷ್ಟರಲ್ಲಿ ಬೆಳ್ಳೂರಿನ ಈಶ್ವರಪ್ರಸಾದರು ನಗುನಗುತ್ತಾ ಅಡ್ಡ ಬಂದರು.

"ಭಾರೀ ಲಾಯ್ಕ ಉಂಟು ಪೊರ್ಬುಗಳೇ" ಎಂದರು, ಕ್ರೈಸ್ತರನ್ನು ಊರವರು ಕರೆಯುವ ಕ್ರಮದಲ್ಲಿ. "ನಮ್ಮ ಬೆಳ್ಳೂರಿಗೂ ಇದು ಬೇಕೇ ಬೇಕು."

ಹೋದ ಜೀವ ಮರಳಿ ಬಂತು. "ಎರಡೇ ವಾರ, ಮಾಡಿಕೊಡ್ತೇನೆ. ನಿಮಗೆ ಗುಂಡಿ ನೀಲಿ ಬೇಕಾದರೆ ನೀಲಿ..."

"ಗುಂಡಿ ಗಿಂಡಿ ಬೇಡ ಮಾರಾಯ್ರೆ. ನಿಮ್ಮ ಹೆಂಡತಿಯ ನಂಬರ್ ಒಂದು ಕೊಡಿ, ಸಾಕು."

ಸುತ್ತ ನಿಂತ ಹತ್ತಾರು ಮಂದಿ ಬರೆದುಕೊಳ್ಳಲು ಮೊಬೈಲ್ ತೆಗೆದರು. ಸಿಮೋನ್ ಕೆಮ್ಮಿ ಗಂಟಲು ಸರಿಮಾಡಿಕೊಂಡ. "ಒಂಬತ್ತು..." ಎಂದ. ಮತ್ತೊಮ್ಮೆ "ಒಂಬತ್ತು..." ಎಂದ. ಮುಂದಕ್ಕೆ ಹೋಗಲಿಲ್ಲ. ಹದಿನೈದು ವರ್ಷದಿಂದ ಅವಳಿಗೆ ಅದೇ ನಂಬರು, ಹದಿನೈದು ವರ್ಷದಿಂದ ಅವನ ಮೊಬೈಲಿನಲ್ಲಿ ಅದು ಬರೇ 'ಫೆಲ್ಸಿ'. ಅಂಕಿಗಳನ್ನು ಅವನು ಒಂದು ದಿನವೂ ನೋಡಿರಲಿಲ್ಲ. ಫೆಲ್ಸಿ ಚೀಲ ತೊಡೆಯ ಮೇಲಿಟ್ಟುಕೊಂಡು ಅವನನ್ನೇ ನೋಡುತ್ತಿದ್ದಳು.

ಕೊನೆಗೆ, ಕೈಯಲ್ಲಿ ತೆರೆದೇ ಇದ್ದ ತನ್ನ ಸೈಟಿನಲ್ಲಿ ಉಗ್ಗಪ್ಪನ ಹೆಸರನ್ನು ಒತ್ತಿ, ಮೂಡಿ ಬಂದ ಹತ್ತು ಅಂಕಿಗಳನ್ನು ಅವನು ಒಂದೊಂದಾಗಿ ಗಟ್ಟಿಯಾಗಿ ಓದಿದ.

"ನೋಡಿ, ಒಬ್ಬರಿಗಾದರೂ ಉಪಯೋಗಕ್ಕೆ ಬಂತು" ಎಂದಳು ಫೆಲ್ಸಿ.